ಅಕ್ಕವ್ವ ರೊಟ್ಟಿ ಕಂಪನಿಯ ಬೆಲೆ

ಮೂಡಲಗಿ
12 ಜೂನ್ 2024

ಪ್ರೀತಿಯ ಶೋಭಾ,

ಈ ಪತ್ರ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರಾಮಿದ್ದೇವೆ. ಫೋನಿನಲ್ಲಿ ಕೇಳಬಹುದಾದದ್ದನ್ನು ವೈನಿ ಯಾಕೆ ಅಂಚೆಗೆ ಹಾಕಿದಳು ಎಂದು ನೀನು ನಗುತ್ತೀ. ಆದರೆ ಇಲ್ಲಿಯ ಫೋನಿನ ಕಥೆ ನಿನಗೂ ಗೊತ್ತು. ನಾನು ಹಲೋ ಅನ್ನುವುದರೊಳಗೆ ರೊಟ್ಟಿ ಬಡಿಯುವ ಹದಿನೆಂಟು ಮಂದಿಯೂ ಕೈ ನಿಲ್ಲಿಸಿ ಕಿವಿ ಚುರುಕು ಮಾಡುತ್ತಾರೆ. ನಿಮ್ಮ ಅವ್ವ ಒಲೆಯ ಮುಂದಿನಿಂದಲೇ, "ಯಾರ? ಶೋಭಾ ಏನ? ಉಂಡಾಳೇನ ಕೇಳ" ಎಂದು ಕೂಗುತ್ತಾರೆ. ಈ ಮಾತು ಅಷ್ಟು ಕಿವಿಗಳಿಗೆ ಈಗಲೇ ಬೀಳುವುದು ಬೇಡ.

ಕಳೆದ ವಾರ ಪುಣೆಯ ಒಂದು ಆಹಾರ ಕಂಪನಿಯವರು ಬಂದಿದ್ದರು. ದೊಡ್ಡ ಕಂಪನಿ, ಅದರ ಶೇರು ಮುಂಬಯಿ ಬಜಾರಿನಲ್ಲಿ ಓಡುತ್ತದಂತೆ. ಅಭಿಷೇಕ ಎನ್ನುವ ಅಧಿಕಾರಿ, ಇಲ್ಲೇ ಬೆಳಗಾವಿ ಕಡೆಯವನು. ಎಲ್ಲ ನೋಡಿದ, ಬಿಸಿ ರೊಟ್ಟಿ ತಿಂದ, ಅತ್ತೆಯವರ ಫೋಟೋ ತೆಗೆದ. ಆಮೇಲೆ ನನ್ನನ್ನು ಹೊರಗೆ ಕರೆದು, "ಮೇಡಂ, ನಿಮ್ಮ ಕಂಪನೀನ ನಾವ ತಗೋತೇವ್ರಿ. ರೊಕ್ಕಾ ಕೊಡಂಗಿಲ್ಲ, ಅದರ ಬದ್ಲಿ ನಮ್ಮ ಶೇರ ಕೊಡ್ತೇವಿ. ನಾಳೆ ಅದ ಎರಡ ಪಟ್ಟ ಆಗ್ತೈತಿ" ಎಂದ.

ನಿನ್ನ ಅಣ್ಣ ತೀರಿಹೋದ ಮೇಲೆ ಅತ್ತೆಯೂ ನಾನೂ ಎರಡು ಒಲೆ ಹಚ್ಚಿ ಶುರು ಮಾಡಿದ ಕೆಲಸ ಇದು. ಅದನ್ನು ಹಟ ಹಿಡಿದು, ಅತ್ತೆಯವರ ಹೆಸರಿನಲ್ಲಿ 'ಅಕ್ಕವ್ವ ರೊಟ್ಟಿ' ಎಂದು ಕಂಪನಿ ಮಾಡಿಸಿದವಳು ನೀನು. ಎಲ್ಲ ಹೆಂಗಸರಿಗೂ ಪಾಲು ಕೊಡಿಸಿದವಳೂ ನೀನೇ. ಈಗ ನೀನೇ ಹೇಳಬೇಕು. ಅವರು ಕೊಡುತ್ತೇವೆ ಎನ್ನುವ ಶೇರಿಗೆ ಬೆಲೆ ಬಂದದ್ದು ಎಲ್ಲಿಂದ? ನಮ್ಮ ಕಂಪನಿಗೆ ಬೆಲೆ ಕಟ್ಟುವುದು ಹೇಗೆ? ಪಿಯುಸಿ ಓದಿದವಳಿಗೆ ತಿಳಿಯುವ ಹಾಗೆ ಬರೆ.

ನಿನ್ನ ವೈನಿ,
ದಾಕ್ಷಾಯಿಣಿ

—

ಡೊಂಬಿವಲಿ
23 ಜೂನ್ 2024

ವೈನಿ,

ನಿನ್ನ ಕಾಗದ ಬಂದ ದಿನ ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಬ್ಯಾಂಕಿನದಲ್ಲದ ಅಂಚೆ ನೋಡಿ ಅವನಿಗೂ ವರ್ಷಗಳಾಗಿದ್ದವು.

ಕೇಳು. ನಾನು ಇಲ್ಲಿ ಬ್ರೋಕರ್ ಕಚೇರಿಯಲ್ಲಿ ದಿನವಿಡೀ ಮಾಡುವುದು ಇದೇ ಕೆಲಸ, ಆದರೆ ಮನೆಯವರು ಯಾರೂ ಇದುವರೆಗೆ ಕೇಳಿರಲಿಲ್ಲ. ಅಣ್ಣ ಅಂತೂ "ನಮ್ಮ ಶೋಭಾ ಅಂಕಿ ಎಣಿಸತಾಳ" ಎಂದು ಮಂದಿಗೆ ಹೇಳಿ ಕೈ ತೊಳೆದುಕೊಳ್ಳುತ್ತಿದ್ದ.

ಮೊದಲ ಮಾತು. ಒಂದು ಶೇರಿನ ಬೆಲೆ ನೋಡಿ ಕಂಪನಿ ದೊಡ್ಡದೋ ಸಣ್ಣದೋ ಎಂದು ಹೇಳಲಾಗದು. ಒಂದು ರೊಟ್ಟಿಯನ್ನು ನಾಲ್ಕು ತುಂಡು ಮಾಡಿದರೂ ಎಂಟು ತುಂಡು ಮಾಡಿದರೂ ರೊಟ್ಟಿ ಅಷ್ಟೇ. ಶೇರಿನ ಬೆಲೆಯನ್ನು ಒಟ್ಟು ಶೇರುಗಳಿಂದ ಗುಣಿಸಬೇಕು. ಇಡೀ ಕಂಪನಿಗೆ ಬಜಾರು ಇವತ್ತು ಕಟ್ಟಿದ ಬೆಲೆ ಅದು.

ಎರಡನೆಯದು. ಬಜಾರು ಕಟ್ಟಡ, ಯಂತ್ರ, ಗೋದಾಮಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. ಈ ಕಂಪನಿ ನಾಳೆ, ಮುಂದಿನ ವರ್ಷ, ಹತ್ತು ವರ್ಷದ ಮೇಲೆ ಎಷ್ಟು ಗಳಿಸೀತು ಎಂದು ಕೇಳುತ್ತದೆ. ಆ ಮುಂದಿನ ಗಳಿಕೆಗೆ ಇವತ್ತು ಎಷ್ಟು ಕೊಡಬಹುದು ಎಂದು ಸಾವಿರಾರು ಜನ ಒಟ್ಟಿಗೆ ಚೌಕಾಶಿ ಮಾಡುತ್ತಾರೆ. ಪುಣೆಯವರ ಒಟ್ಟು ಬೆಲೆ ಅವರ ಒಂದು ವರ್ಷದ ಲಾಭದ ನಲವತ್ತು ಪಟ್ಟು ಇದೆ. ಲಾಭ ಈಗಿದ್ದಷ್ಟೇ ಇದ್ದರೆ ಹಾಕಿದ ಹಣ ಹುಟ್ಟಲು ನಲವತ್ತು ವರ್ಷ ಬೇಕು! ಆದರೂ ಕೊಳ್ಳುತ್ತಾರೆ, ಲಾಭ ಬೇಗ ಬೇಗ ಬೆಳೆಯುತ್ತದೆ ಎಂಬ ನಂಬಿಕೆಯಿಂದ. ನಂಬಿಕೆ ಕುಗ್ಗಿದ ದಿನ ಲಾಭ ಒಂದು ಪೈಸೆ ಕಡಿಮೆಯಾಗದಿದ್ದರೂ ಬೆಲೆ ಬೀಳುತ್ತದೆ. ಹಾಗಾಗಿ ಅವರ ಶೇರು ತೆಗೆದುಕೊಳ್ಳುವುದೆಂದರೆ, ಅವರ ಬಗ್ಗೆ ಬೇರೆಯವರಿಗಿರುವ ನಂಬಿಕೆಯನ್ನು ದುಡ್ಡಿನ ಬದಲು ತೆಗೆದುಕೊಂಡ ಹಾಗೆ.

ಯಾವ ಊರಲ್ಲಿ ಏನು ಎಷ್ಟು ಮಾರಾಟವಾಗುತ್ತದೆ, ಬರೆದು ಕಳಿಸು. ಅವರ ಕರಾರಿನಲ್ಲಿ ಏನೇನು ಷರತ್ತು ಇವೆ ಅದನ್ನೂ ಕಳಿಸು. ಅವ್ವನಿಗೆ ಹೇಳು, ಉಂಡಿದ್ದೇನೆ.

ಶೋಭಾ

—

ಮೂಡಲಗಿ
9 ಜುಲೈ 2024

ಪ್ರೀತಿಯ ಶೋಭಾ,

ನಿನ್ನ ಪತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾದದ್ದು ನೋಡಿ ನನಗೇ ಸಂತೋಷ. ನಮ್ಮ ಮೂಡಲಗಿಯ ದನದ ಸಂತೆಯಲ್ಲೂ ಇದೇ ಅಲ್ಲವೇ? ಎಮ್ಮೆ ಕೊಳ್ಳಲು ಬಂದವನು ಅದರ ತೂಕಕ್ಕೆ ಹಣ ಕೊಡುವುದಿಲ್ಲ. ಎಷ್ಟನೇ ಸೂಲು, ಇನ್ನೆಷ್ಟು ವರ್ಷ ಹಿಂಡೀತು ಎಂದು ಲೆಕ್ಕ ಹಾಕುತ್ತಾನೆ. ಅಂಕಲಗಿಯಲ್ಲಿ ನಮ್ಮಪ್ಪ ಇನ್ನೊಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದ: "ಇದನ್ನ ಯಾರ ಹಿಂಡತಾರ?" ಕೆಲವು ಎಮ್ಮೆ ಒಬ್ಬಳ ಕೈಗೆ ಮಾತ್ರ ತೊರೆಬಿಟ್ಟು ಹಾಲು ಕೊಡುತ್ತವೆ. ಬೇರೆಯವರು ಕುಳಿತರೆ ಒದೆಯುತ್ತವೆ. ಅಂಥದ್ದಕ್ಕೆ ಅಪ್ಪ ಅರ್ಧ ಬೆಲೆಯನ್ನೂ ಕೊಡುತ್ತಿರಲಿಲ್ಲ.

ಇದು ನೆನಪಾದದ್ದು ಕರಾರು ಓದಿದಾಗ. ಏಳನೇ ಷರತ್ತು ಹೀಗಿದೆ: ದಾಕ್ಷಾಯಿಣಿ ಎಂಬವರು ಇನ್ನು ಐದು ವರ್ಷ ಮೂಡಲಗಿಯಲ್ಲಿದ್ದು, ಪೂರ್ಣ ಹೊತ್ತು ಈ ಕೆಲಸವನ್ನೇ ನೋಡಿಕೊಳ್ಳತಕ್ಕದ್ದು. ಬಿಟ್ಟು ಹೋದರೆ ಕೊಟ್ಟ ಶೇರುಗಳಲ್ಲಿ ಅರ್ಧ ವಾಪಸು. ನನ್ನ ಪಾಲು ಮಾತ್ರವಲ್ಲ, ಎಲ್ಲ ಹೆಂಗಸರ ಪಾಲೂ.

ಹೀಗೆ ಕೇಳುವುದು ವಾಡಿಕೆಯೇ? ಒಬ್ಬ ಹೆಂಗಸಿನ ಮೇಲೆ ಇಷ್ಟು ಬೆಲೆ ನಿಲ್ಲುತ್ತದೆಯೇ? ಅವಳು ಇಲ್ಲದಿದ್ದರೆ ಬಜಾರು ಏನು ಮಾಡುತ್ತದೆ? ಸುಮ್ಮನೆ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಊರುವಾರು ಮಾರಾಟದ ವಿವರ ಇದರ ಜೊತೆ ಇಟ್ಟಿದ್ದೇನೆ.

ದಾಕ್ಷಾಯಿಣಿ

—

ಡೊಂಬಿವಲಿ
21 ಜುಲೈ 2024

ವೈನಿ,

ನಿನ್ನ ಎಮ್ಮೆಯ ಮಾತನ್ನು ಕಚೇರಿಯಲ್ಲಿ ಹೇಳಿದೆ. ನಮ್ಮ ಸಾಹೇಬರು ಎರಡು ಸಲ ಕೇಳಿಸಿಕೊಂಡರು.

ಆ ಷರತ್ತು ವಾಡಿಕೆಯದೇ. ಸಣ್ಣ ಕಂಪನಿ ಕೊಳ್ಳುವವರು ಅದನ್ನು ಕಟ್ಟಿದವರ ಮೇಲೇ ಹಣ ಹಾಕುತ್ತಾರೆ. ಅವರು ಹೊರಟರೆ ಗಿರಾಕಿ, ರುಚಿ, ಕೆಲಸದವರು ಎಲ್ಲ ಚದುರುವ ಭಯ. ನಿಮಗೆ ಲಾಭದ ಬರೀ ಹನ್ನೆರಡು ಪಟ್ಟು ಬೆಲೆ ಕಟ್ಟಿದ್ದಾರೆ, ಇದೂ ಒಂದು ಕಾರಣ. ಕಂಪನಿ ಸಣ್ಣದು, ಒಂದೇ ಜಿಲ್ಲೆಯದು, ಪಾಲು ಮಾರಬೇಕೆಂದರೆ ಬಜಾರಿನಲ್ಲಿ ಕೊಳ್ಳುವವರು ಸಿಗುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲ ಭಾರ ಒಬ್ಬಳ ಮೇಲೆ.

ಆದರೆ ನಿನಗೇಕೆ ಚಿಂತೆ? ಅವರು ಬರೆಯದಿದ್ದರೂ ನೀನು ಐದಲ್ಲ, ಇಪ್ಪತ್ತೈದು ವರ್ಷ ಅಲ್ಲೇ ಇರುವವಳು. ಎಲ್ಲಿಗೆ ಹೋಗುತ್ತೀ ನೀನು? ನೀನಿಲ್ಲದೆ ಆ ಕಂಪನಿ ಇಲ್ಲ, ಅವ್ವನೂ ಇಲ್ಲ. ಅಣ್ಣ ಹೋದ ಮೇಲೆ ಆ ಮನೆ ನಿಂತಿರುವುದೇ ನಿನ್ನ ಮೇಲೆ. ನಾನು ಇಲ್ಲಿ ನಿಶ್ಚಿಂತಳಾಗಿ ನಿದ್ದೆ ಮಾಡುವುದು ನಿನ್ನ ಧೈರ್ಯದಿಂದ. ಏಳನೇ ಷರತ್ತು ಒಂದು ನಿಮಿಷವೂ ನಿನ್ನ ತಲೆ ತಿನ್ನಬಾರದು.

ಒಂದು ಪ್ರಶ್ನೆ. ಹುಕ್ಕೇರಿಯಲ್ಲಿ ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ ಅಷ್ಟು ಜೋರಾಗಿ ಓಡುತ್ತಿದೆಯಲ್ಲ! ಎರಡು ವರ್ಷದ ಹಿಂದೆ ಅದು ಇರಲೇ ಇಲ್ಲ. ಅವ್ವ ಬಳ್ಳೊಳ್ಳಿ ಹಾಕದೆ ಚಟ್ನಿ ಕುಟ್ಟಲು ಹೇಗೆ ಒಪ್ಪಿದಳು? ಅಲ್ಲಿ ಒಳ್ಳೆಯ ಏಜೆಂಟ್ ಸಿಕ್ಕಿರಬೇಕು. ಅಂಥವರು ಗೋಕಾಕದಲ್ಲೂ ಸಿಕ್ಕರೆ ನಿಮ್ಮ ಬೆಲೆ ಏರುತ್ತದೆ.

ಶೋಭಾ

—

ಮೂಡಲಗಿ
2 ಆಗಸ್ಟ್ 2024

ಶೋಭಾ,

ಪತ್ರ ಮುಟ್ಟಿತು. ಇಲ್ಲಿ ಮಳೆ ಚೆನ್ನಾಗಿದೆ. ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ಹೊಳೆ ತುಂಬಿ ಹರಿಯುತ್ತಿದೆ. ಗೋಕಾಕದ ಕಡೆ ಬಸ್ಸು ತಡವಾಗುತ್ತಿವೆ.

ಅಭಿಷೇಕ ಎರಡು ಸಲ ಫೋನ್ ಮಾಡಿದ. ನಾನು ಇನ್ನೂ ಏನೂ ಹೇಳಿಲ್ಲ.

ಸುಮ್ಮನೆ ಒಂದು ಮಾತು ಕೇಳುತ್ತೇನೆ. ಕಂಪನಿ ಕಟ್ಟಿದವಳು ನಡುವೆಯೇ ಇಲ್ಲವಾದರೆ, ಉಳಿದವರು ಕಲಿತು ನಡೆಸಿದರೆ, ಬಜಾರು ಅದನ್ನು ನಂಬಲು ಎಷ್ಟು ದಿನ ತೆಗೆದುಕೊಳ್ಳುತ್ತದೆ? ತಿಳಿದಿದ್ದರೆ ಬರೆ.

ಚಟ್ನಿಯ ವಿಷಯ ಮತ್ತೆ ಬರೆಯುತ್ತೇನೆ.

ದಾಕ್ಷಾಯಿಣಿ

—

ಡೊಂಬಿವಲಿ
11 ಆಗಸ್ಟ್ 2024

ವೈನಿ,

"ಇಲ್ಲವಾದರೆ" ಎಂದು ಬರೆದಿದ್ದೀಯಲ್ಲ, ಅದರ ಅರ್ಥ ಏನು?

ಗೋಕಾಕದ ಶಿವಗಂಗವ್ವ ಕಾಕಿ ಫೋನ್ ಮಾಡಿದ್ದಳು. ಗುರುವಾರ ಗುರುವಾರ ನೀನು ಗೋಕಾಕ ಸ್ಟ್ಯಾಂಡಿನಲ್ಲಿ ಇಳಿದು ಹುಕ್ಕೇರಿ ಬಸ್ಸು ಹತ್ತುತ್ತೀಯಂತೆ. ಮಾತಾಡಿಸಿದರೆ ಮುಖ ಬೇರೆ ಕಡೆ ತಿರುಗಿಸಿದೆಯಂತೆ. "ಭಾಳ ಸೊರಗ್ಯಾಳ ನಿಮ್ಮ ವೈನಿ. ಹುಕ್ಕೇರ್ಯಾಗ ಯಾವ ಡಾಕ್ಟರ್‌ಗೆ ತೋರಸಾಕತ್ತಾಳ?" ಎಂದು ಕಾಕಿ ಕೇಳಿದಳು.

ಈಗ ನಿನ್ನ ಎಲ್ಲ ಪತ್ರಗಳನ್ನೂ ಮತ್ತೆ ಓದಿದೆ. ಮೊದಲಿನಿಂದಲೂ ನೀನು ಕೇಳುತ್ತಿರುವುದು ಒಂದೇ: ನಾನು ಇಲ್ಲದಿದ್ದರೆ ಏನಾಗುತ್ತದೆ? ನಾನು ದಡ್ಡಿಯ ಹಾಗೆ ಹನ್ನೆರಡು ಪಟ್ಟು, ನಲವತ್ತು ಪಟ್ಟು ಎಂದು ಪಾಠ ಹೇಳುತ್ತ ಕೂತೆ.

ಏನು ಬೇನೆ, ಯಾವ ಹಂತ, ಹೇಳು. ಮುಂಬಯಿಯಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ. ಸಾಹೇಬರಿಗೆ ರಜೆ ಕೇಳಿಟ್ಟಿದ್ದೇನೆ. ಫೋನ್ ಕೈಗೆತ್ತಿಕೊಂಡೆ, ಆ ಗದ್ದಲದಲ್ಲಿ ನೀನು "ಆರಾಮ ಅದೇನಿ" ಎನ್ನುತ್ತೀ ಎಂದು ಬಿಟ್ಟೆ. ಖರೆ ಹೇಳುವ ಹಾಗಿದ್ದರೆ ಬರೆ. ಅಣ್ಣನ ವಿಷಯದಲ್ಲಿ ನನಗೆ ಕೊನೆಗೆ ತಿಳಿಯಿತು. ನಿನ್ನ ವಿಷಯದಲ್ಲಿ ಹಾಗಾದರೆ ನಾನು ತಡೆದುಕೊಳ್ಳಲಾರೆ.

ಶೋಭಾ

—

ಮೂಡಲಗಿ
20 ಆಗಸ್ಟ್ 2024

ನನ್ನ ಶೋಭಾ,

ನನಗೆ ಯಾವ ಬೇನೆಯೂ ಇಲ್ಲ. ಕಲ್ಲಿನ ಹಾಗೆ ಇದ್ದೇನೆ. ನಿನ್ನನ್ನು ಇಷ್ಟು ಹೆದರಿಸಿದೆನಲ್ಲ ಎಂದು ಪತ್ರ ಓದಿ ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ನಾನು ಹೇಳುವುದು ಕೇಳಿದ ಮೇಲೆ, ಬೇನೆಯಾಗಿದ್ದರೇ ಸರಳವಿತ್ತು ಎಂದು ನಿನಗೆ ಅನ್ನಿಸಬಹುದು.

ಹುಕ್ಕೇರಿಯಲ್ಲಿ ಆದಿನಾಥ ಎಂದು ಒಬ್ಬರು ಕಿರಾಣಿ ಅಂಗಡಿ ಇಟ್ಟಿದ್ದಾರೆ. ಜೈನರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಮನೆಯಲ್ಲಿ ತಾಯಿ ರಾಜಮತಿ ಒಬ್ಬರೇ. ಎರಡು ವರ್ಷದ ಹಿಂದೆ ನಮ್ಮ ರೊಟ್ಟಿ ತರಿಸಿಕೊಂಡವರು, "ಬಳ್ಳೊಳ್ಳಿ ಇಲ್ಲದ ಚಟ್ನಿ ಮಾಡಿಕೊಡ್ರಿ, ನಮ್ಮ ಕಡಿ ಮಂದಿ ತಿಂತಾರ" ಎಂದರು. ಮಾಡಿ ಒಯ್ದೆ. ರಾಜಮತಿಯವರು ನಾಲಿಗೆಗೆ ಹಚ್ಚಿ "ಊಂ ಹೂಂ" ಎಂದರು. ಮತ್ತೆ ಮಾಡಿದೆ, ಮತ್ತೆ ಊಂ ಹೂಂ. ಹೀಗೆ ಗುರುವಾರ ಗುರುವಾರ ಹೋಗುವುದು ರೂಢಿಯಾಯಿತು. ಚಟ್ನಿ ಸರಿಹೋದ ಮೇಲೂ ಹೋಗುವುದು ನಿಲ್ಲಲಿಲ್ಲ.

ಅವರು ಹೆಚ್ಚು ಮಾತಿನವರಲ್ಲ. ಈ ಬೇಸಿಗೆಯಲ್ಲಿ ಒಂದು ದಿನ ನನ್ನ ಬಸ್ಸು ತಪ್ಪಿತು. ಅಂಗಡಿಯ ಮುಂದೆ ಕುರ್ಚಿ ಹಾಕಿಕೊಟ್ಟು, ಸ್ವಲ್ಪ ಹೊತ್ತು ತಕ್ಕಡಿ ಒರೆಸುತ್ತ ನಿಂತು ಹೇಳಿದರು: "ನಿಮ್ಮ ಬಸ್ ತಪ್ಪಿದ್ರ ನನಗ ಚಲೋ ಅನಸ್ತೈತ್ರಿ. ಹಂಗ ಅನಸೂದು ಸರಿ ಅಲ್ಲ. ಅದಕ್ಕ ನೇರ ಕೇಳಾಕತ್ತೇನಿ. ನನ್ನ ಮದುವಿ ಆಗ್ತೀರೇನ್ರಿ?"

ನಾನು ಉತ್ತರ ಕೊಡಲಿಲ್ಲ. ಆದರೆ ಮುಂದಿನ ಗುರುವಾರವೂ ಹೋದೆ. ಅದೇ ಉತ್ತರ ಎಂದು ಅವರು ತಿಳಿದರು. ತಪ್ಪು ತಿಳಿಯಲಿಲ್ಲ.

ಇಷ್ಟರಲ್ಲೇ ಪುಣೆಯವರು ಬಂದರು. ಮಾರಿದರೆ ಹೆಂಗಸರಿಗೆ ಆಸರೆಯಾಗುತ್ತದೆ, ನಾನು ಸಮಾಧಾನದಿಂದ ಹೋಗಬಹುದು ಎಂದುಕೊಂಡಿದ್ದೆ. ಏಳನೇ ಷರತ್ತು ಆ ಆಸೆಗೆ ಬೀಗ ಹಾಕಿತು. ನಿನಗೆ ತಿಳಿಸೋಣ ಎಂದು ಕೂತಾಗ, "ಎಲ್ಲಿಗೆ ಹೋಗುತ್ತೀ ನೀನು" ಎಂಬ ನಿನ್ನ ಸಾಲು ಬಂತು. ನೀನು ಪ್ರೀತಿಯಿಂದಲೇ ಬರೆದದ್ದು. ಅದನ್ನು ಓದಿದ ಮೇಲೆ ಮಾತ್ರ ನನ್ನ ಪೆನ್ನು ಏಳಲಿಲ್ಲ.

ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ.

ದಾಕ್ಷಾಯಿಣಿ

—

ಮೂಡಲಗಿ
30 ಸೆಪ್ಟೆಂಬರ್ 2024

ಶೋಭಾ,

ನಿನ್ನಿಂದ ಪತ್ರವಿಲ್ಲ. ಅತ್ತೆಯವರ ಜೊತೆ ಫೋನಿನಲ್ಲಿ ಮಾತಾಡಿದೆಯಂತೆ, ನನ್ನನ್ನು ಕೇಳಲಿಲ್ಲವಂತೆ. ನಾನು ಒತ್ತಾಯ ಮಾಡುವುದಿಲ್ಲ. ಇಲ್ಲಿ ಆದದ್ದನ್ನು ತಿಳಿಸುವುದು ನನ್ನ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ.

ಪುಣೆ ಕಂಪನಿಯ ದೊಡ್ಡ ಸಾಹೇಬರು ಯಾರಿಗೂ ಹೇಳದೆ ಕೆಲಸ ಬಿಟ್ಟರು. ನಿನಗೆ ಗೊತ್ತಿರಬೇಕು. ಎರಡೇ ದಿನದಲ್ಲಿ ಅವರ ಶೇರು ಮೂರರಲ್ಲಿ ಒಂದು ಪಾಲು ಬಿತ್ತು. ಅಭಿಷೇಕ ಫೋನ್ ಮಾಡಿ, "ಗಾಬರಿ ಆಗಬ್ಯಾಡ್ರಿ ಮೇಡಂ, ಎಲ್ಲಾ ಸರಿ ಹೋಗ್ತೈತಿ" ಎಂದ. ಅವನ ದನಿಯೇ ಗಾಬರಿಯಾಗಿತ್ತು. ಅವರ ಯಂತ್ರ, ಗೋದಾಮು, ಕೆಲಸದವರು ಎಲ್ಲ ಇದ್ದಲ್ಲೇ ಇದ್ದಾರೆ. ಬಿದ್ದದ್ದು ಏನು ಎಂದು ಯೋಚಿಸಿದೆ. ಒಬ್ಬ ಮನುಷ್ಯ ಸದ್ದಿಲ್ಲದೆ ಎದ್ದು ಹೋದ, ಇನ್ನೇನು ಮುಚ್ಚಿಟ್ಟಿದ್ದಾರೋ ಎಂದು ಜನ ಹೆದರಿದರು. ನಾನೂ ಹಾಗೆಯೇ ಎದ್ದು ಹೋಗುವ ತಯಾರಿಯಲ್ಲಿದ್ದೆನಲ್ಲ ಎಂದು ನಾಚಿಕೆಯಾಯಿತು.

ಅವತ್ತೇ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಕೂತಿದ್ದಾಗ ಹೇಳಿಬಿಟ್ಟೆ. ಆದಿನಾಥರ ಹೆಸರು, ಊರು, ಜಾತಿ, ಎಲ್ಲ. ಯಾರೂ ತುತ್ತು ಎತ್ತಲಿಲ್ಲ. ಸೀತವ್ವ ಮಾತ್ರ, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಬಾಯಿಯವಳು, ಮೆಲ್ಲಗೆ "ಚಲೋ ಆತ ಬಿಡ್ರಿ ಅಕ್ಕಾರ" ಎಂದಳು.

ಅತ್ತೆಯವರು ತಾಟು ನೋಡುತ್ತಲೇ ಇದ್ದರು. ಆಮೇಲೆ ಕೇಳಿದರು: "ಅವರ ಮನ್ಯಾಗ ಬಳ್ಳೊಳ್ಳಿ ತಿನ್ನಂಗಿಲ್ಲಲ್ಲ. ನೀ ಹೆಂಗ ಇರ್ತೀ?"

"ರೂಢಿ ಮಾಡ್ಕೋತೇನ್ರಿ" ಎಂದೆ.

"ಹೂಂ" ಎಂದು ಎದ್ದು ಕೈ ತೊಳೆದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುವಾಗ ಹಿಂದೆ ಬಂದು ಕೂತು, ಹಣಿಗೆ ಕಸಿದುಕೊಂಡು, ಜಡೆ ಹಾಕಿದರು. ನಿನ್ನ ಅಣ್ಣ ಹೋದ ಮೇಲೆ ಅವರು ನನ್ನ ತಲೆ ಮುಟ್ಟಿರಲಿಲ್ಲ. ಜಡೆಯನ್ನು ಬಹಳ ಬಿಗಿಯಾಗಿ ಹಾಕಿದರು, ಶೋಭಾ.

ದಾಕ್ಷಾಯಿಣಿ

—

ಡೊಂಬಿವಲಿ
6 ಅಕ್ಟೋಬರ್ 2024

ವೈನಿ,

"ಸಿಟ್ಟಿರಲಿಲ್ಲ, ಕೆಲಸವಿತ್ತು" ಎಂದು ಶುರು ಮಾಡಿದ ಪತ್ರವನ್ನು ಹರಿದು ಹಾಕಿದೆ. ಸಿಟ್ಟೇ ಇತ್ತು.

ಮೊದಲು, ನನಗೆ ಮುಚ್ಚಿಟ್ಟೆಯಲ್ಲ ಎಂದು. ಅದು ಒಂದು ವಾರದಲ್ಲಿ ಇಳಿಯಿತು. ಅದರ ಅಡಿಯಲ್ಲಿ ಇನ್ನೊಂದಿತ್ತು, ಅದಕ್ಕೆ ಹೆಸರು ಇಡಲು ಇಷ್ಟು ದಿನ ಹಿಡಿಯಿತು. ನಿನ್ನನ್ನು ನೋಡಿದರೆ ಅಣ್ಣ ಇನ್ನೂ ಪೂರ್ತಿ ಹೋಗಿಲ್ಲ ಅನ್ನಿಸುತ್ತಿತ್ತು. ನೀನು ಹೊರಟರೆ ಅವನು ಮತ್ತೊಮ್ಮೆ ಹೋದಂತೆ. ಇದು ನನ್ನ ದುಃಖ. ಇದನ್ನು ಹೊತ್ತುಕೊಂಡು ಕೂತಿರು ಎಂದು ನಿನಗೆ ಹೇಳಲು ನಾನು ಯಾರು? ಅಣ್ಣನಿದ್ದಿದ್ದರೆ ಅವನೇ ನನಗೆ ಬೈಯುತ್ತಿದ್ದ.

ಜಡೆಯ ಸಾಲು ಓದಿದಾಗ ಲೋಕಲ್ ಟ್ರೈನಿನಲ್ಲಿದ್ದೆ. ಪಕ್ಕದ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಈಗ ನನ್ನ ಕಸುಬಿನ ಮಾತು. ಬಜಾರು ಕೆಟ್ಟ ಸುದ್ದಿಗೆ ಹೆದರುವುದಕ್ಕಿಂತ ಹೆಚ್ಚು ಹಠಾತ್ ಸುದ್ದಿಗೆ ಹೆದರುತ್ತದೆ. ಯಜಮಾನ ಒಂದು ವರ್ಷ ಮೊದಲೇ ಹೇಳಿ, ಮುಂದೆ ನಡೆಸುವವರನ್ನು ತೋರಿಸಿ, ಅವರ ಕೈಗೆ ಕೆಲಸ ಕೊಟ್ಟು ಹೋದ ಕಂಪನಿಗಳ ಬೆಲೆ ಅಷ್ಟಾಗಿ ಅಲುಗಾಡುವುದಿಲ್ಲ. ಒಮ್ಮೊಮ್ಮೆ ಏರುತ್ತದೆ ಕೂಡ, ಏಕೆಂದರೆ ಒಬ್ಬರ ಮೇಲೆ ನಿಂತಿದ್ದದ್ದು ಈಗ ತನ್ನ ಕಾಲ ಮೇಲೆ ನಿಂತಿತು ಎಂದು ಗೊತ್ತಾಗುತ್ತದೆ. ಆದ್ದರಿಂದ ಒಂದು ಕೆಲಸ ಮಾಡು. ಒಂದು ತಿಂಗಳು ಅಂಕಲಗಿಯ ತವರಿಗೆ ಹೋಗಿ ಇರು. ಅವರೇ ನಡೆಸಲಿ. ನೀನು ಫೋನ್ ಮಾಡಬೇಡ.

ಪುಣೆಯವರ ಶೇರು ಈಗ ಬೇಡ. ಬಿದ್ದಿದೆ ಎಂದ ಮಾತ್ರಕ್ಕೆ ಕಂಪನಿ ಕೆಟ್ಟದ್ದೆಂದಲ್ಲ, ಅಗ್ಗಕ್ಕೆ ಸಿಗುತ್ತಿರಲೂಬಹುದು. ಬೆಲೆ ಎಂದರೆ ಇವತ್ತಿನ ಮಂದಿಯ ಮನಸ್ಸು, ಮೌಲ್ಯ ಎಂದರೆ ಕಂಪನಿ ಖರೆಯಾಗಿ ಗಳಿಸುವುದು. ಎರಡೂ ಎಷ್ಟೋ ದಿನ ಬೇರೆ ಬೇರೆ ಇರುತ್ತವೆ. ಹೊಸ ಯಜಮಾನ ಯಾರು ಎಂದು ತಿಳಿಯುವವರೆಗೆ ನನಗೂ ಅಂದಾಜು ಸಿಗದು.

ಆ ಮನುಷ್ಯನ ಬಗ್ಗೆ ಇನ್ನಷ್ಟು ಬರೆ. ತಕ್ಕಡಿ ಒರೆಸುತ್ತ ಮದುವೆ ಕೇಳಿದ್ದು ನನಗೆ ಸೇರಿತು.

ಶೋಭಾ

—

ಮೂಡಲಗಿ
18 ನವೆಂಬರ್ 2024

ನನ್ನ ಶೋಭಾ,

ಹೋಗಿ ಬಂದೆ. ಅಂಕಲಗಿಯಲ್ಲಿ ಮೊದಲ ವಾರ ನನ್ನ ಅಣ್ಣನ ಹೆಂಡತಿಗೆ ಕಾಟ ಕೊಟ್ಟೆ. ಅವಳು ರೊಟ್ಟಿ ಬಡಿದರೆ ಅಂಚು ದಪ್ಪ ಎನ್ನುವುದು, ಒಲೆ ಹಚ್ಚಿದರೆ ಉರಿ ಹೆಚ್ಚು ಎನ್ನುವುದು. "ನಿಮ್ಮ ಕಂಪನಿ ಅಲ್ಲೈತಿ, ಇದು ನಮ್ಮ ಮನಿ" ಎಂದು ಅವಳು ಕೊನೆಗೆ ನನ್ನನ್ನು ಹೊಲಕ್ಕೆ ಕಳಿಸಿದಳು.

ಮೂಡಲಗಿಯಿಂದ ಫೋನೇ ಬರಲಿಲ್ಲ. ಏನೋ ಕೆಟ್ಟಿದೆ, ನನಗೆ ಹೇಳುತ್ತಿಲ್ಲ ಎಂದು ಹೆದರಿದೆ. ವಾಪಸು ಬಂದು ನೋಡಿದರೆ, ಕೆಟ್ಟದ್ದು ಖರೆ. ಮೊದಲ ವಾರ ಗಿರಣಿಯ ಬೆಲ್ಟ್ ಹರಿದು ಗೋಕಾಕದ ಮದುವೆಯೊಂದರ ರೊಟ್ಟಿ ತಡವಾಯಿತಂತೆ. ಸೀತವ್ವ ತಾನೇ ಟೆಂಪೋದಲ್ಲಿ ಹೋಗಿ, ಬೀಗರ ಮುಂದೆ ನಿಂತು ಬೈಸಿಕೊಂಡು, ಬಡಿಸಿಯೂ ಬಂದಳಂತೆ. ರೊಟ್ಟಿಯ ದಪ್ಪದ ಮೇಲೆ ಅವಳಿಗೂ ಅತ್ತೆಯವರಿಗೂ ಜಗಳವಾಗಿ ಒಂದು ದಿನ ಕೆಲಸ ನಿಂತಿತಂತೆ. ಆಮೇಲೆ ಎಲ್ಲ ದಾರಿಗೆ ಬಂದಿದೆ. ಅರಭಾವಿ ಕಾಲೇಜಿನ ಹುಡುಗಿಯರ ಮೆಸ್ಸಿಗೆ ಹೊಸದಾಗಿ ರೊಟ್ಟಿ ಹೋಗುತ್ತಿದೆ. ಅದನ್ನು ನಾನು ಎರಡು ವರ್ಷ ಕೇಳಿ ಕೇಳಿ ಬಿಟ್ಟಿದ್ದೆ.

ನನ್ನ ಮಣೆ ಇದ್ದ ಜಾಗದಲ್ಲಿ ಈಗ ಪ್ಯಾಕಿಂಗ್ ಮೇಜು. "ಬೆಳಕ ಚಲೋ ಬೀಳತೈತ್ರಿ ಇಲ್ಲಿ" ಎಂದಳು ಸೀತವ್ವ. ಬೆಳಕು ಬೀಳುತ್ತದೆ, ಖರೆ. ನಾನೇ ಯಾಕೆ ನೋಡಿರಲಿಲ್ಲವೋ! ಇದೇ ಆಗಲಿ ಎಂದು ಹೋದವಳು ನಾನು. ಆದರೂ ಎಲ್ಲ ಸರಿಯಾಗಿದೆ ಎಂದು ತಿಳಿದ ಕ್ಷಣ ಎದೆಯಲ್ಲಿ ಏನೋ ಖಾಲಿಯಾದ ಹಾಗಾಯಿತು. ನಿನ್ನ ಬಜಾರಿನವರಿಗೆ ಇದಕ್ಕೊಂದು ಲೆಕ್ಕವಿದೆಯೇ?

ಅಭಿಷೇಕ ಮತ್ತೆ ಬಂದಿದ್ದ. ಏಳನೇ ಷರತ್ತು ತೆಗೆಯುತ್ತೇವೆ, ಬೆಲೆ ಸ್ವಲ್ಪ ಇಳಿಸುತ್ತೇವೆ ಎಂದ. ನಾನು ಹೆಂಗಸರ ಕಡೆ ನೋಡಿದೆ. ಸೀತವ್ವ ಹಿಟ್ಟಿನ ಕೈಯಲ್ಲೇ ಹೇಳಿದಳು: "ತಮ್ಮಾ, ನೀ ನಮ್ಮ ಕಂಪನಿ ಕೊಳ್ಳೂದ ಬ್ಯಾಡ. ರೊಟ್ಟಿ ಕೊಳ್ಳ. ಎಷ್ಟ ಬೇಕ ಹೇಳ, ಬಡದ ಕೊಡ್ತೇವಿ." ಎಲ್ಲರೂ ನಕ್ಕರು. ಅವನೂ ನಕ್ಕ. ಮರುದಿನ ಸಾಹೇಬರನ್ನು ಕೇಳಿ, ಪುಣೆಗೆ ತಿಂಗಳಿಗೆ ಒಂದು ಲಾರಿ ರೊಟ್ಟಿಗೆ ಮಾತು ಮಾಡಿಕೊಂಡು ಹೋದ.

ಆದಿನಾಥರ ಬಗ್ಗೆ ಏನು ಬರೆಯಲಿ? ಚಿಲ್ಲರೆ ಇಲ್ಲ ಎಂದು ಯಾರಿಗೂ ಚಾಕಲೇಟ್ ಕೊಡುವುದಿಲ್ಲ. ನಾಳೆ ಕೊಡ್ರಿ ಎನ್ನುತ್ತಾರೆ. ತಾಯಿಯ ಜೊತೆ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ನನ್ನ ಜೊತೆ ಬಹುಮಟ್ಟಿಗೆ ಮೌನ. ಜನವರಿಯಲ್ಲಿ ಮದುವೆ. ನೀನು ಬರುತ್ತೀಯಲ್ಲ?

ದಾಕ್ಷಾಯಿಣಿ

—

ಡೊಂಬಿವಲಿ
1 ಡಿಸೆಂಬರ್ 2024

ವೈನಿ,

ಬರುತ್ತೇನೆ. ಸಾಹೇಬರಿಗೆ ಆಸ್ಪತ್ರೆಗೆಂದು ಕೇಳಿದ್ದ ರಜೆ ಇನ್ನೂ ಹಾಗೇ ಇದೆ.

ಹೊಸ ಅಂಕಿಗಳನ್ನು ಹಾಕಿ ನೋಡಿದೆ. ಸೀತವ್ವ ನಡೆಸುವ, ಪುಣೆಗೆ ರೊಟ್ಟಿ ಕಳಿಸುವ ಕಂಪನಿಗೆ ನಾನಾಗಿದ್ದರೆ ಹದಿನೈದು ಪಟ್ಟು ಕೊಡುತ್ತಿದ್ದೆ. ಅಂದರೆ ನೀನಿಲ್ಲದೆ ಬೆಲೆ ಹೆಚ್ಚಾಯಿತು. ಸಿಟ್ಟಾಗಬೇಡ, ನಿನ್ನ ಕೈಯಿಂದಲೇ ಆದದ್ದು ಅದು. ನೀನು ಕೇಳಿದ ಆ ಖಾಲಿ ಜಾಗಕ್ಕೆ ಮಾತ್ರ ನಮ್ಮಲ್ಲಿ ಲೆಕ್ಕವಿಲ್ಲ. ಇದ್ದರೆ ನಾನೇ ಮೊದಲು ಕೇಳುತ್ತಿದ್ದೆ.

ನಿನ್ನೆ ಅವ್ವನಿಗೆ ಫೋನ್ ಮಾಡಿ, ಸುತ್ತಲಿನವರು ಕೇಳಿದರೂ ಕೇಳಲಿ ಎಂದು ನೇರ ಕೇಳಿದೆ: "ಅವ್ವಾ, ಆಕಿ ಹೊಂಟಾಳ. ನಿನಗ ಬ್ಯಾಸರ ಇಲ್ಲೇನ?"

"ಐತಿ" ಎಂದಳು. "ಬ್ಯಾಸರ ಐತಿ ಅಂತ ಆಕೀನ ಕಟ್ಟಿ ಹಾಕ್ಲೇನ? ಮಗನ್ನ ಕಳಕೊಂಡೇನಿ ನಾ. ಇಕಿ ಹುಕ್ಕೇರಿಗಿ ಹೊಂಟಾಳ, ಅಷ್ಟ. ಹುಕ್ಕೇರಿಗಿ ಬಸ್ ಅದಾವ."

ಆಮೇಲೆ, ನಾನು ಉಂಡೆನೇ ಎಂದು ಕೇಳಿದಳು.

ಶೋಭಾ

—

ಹುಕ್ಕೇರಿ
13 ಫೆಬ್ರವರಿ 2025

ನನ್ನ ಶೋಭಾ,

ನೀನು ಮುಂಬಯಿಗೆ ಹೋದ ಮೇಲೆ ಇದು ಮೊದಲ ಪತ್ರ. ಹೊಸ ಮನೆಯಲ್ಲಿ ಬರೆಯಲು ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬೆಲ್ಲದ ಡಬ್ಬಿಗಳ ನಡುವೆ ಕೂತಿದ್ದೇನೆ. ಆದಿನಾಥರು ಒಂದು ದೀಪ ಹಾಕಿಸಿಕೊಟ್ಟಿದ್ದಾರೆ.

ಸೋಮವಾರ ಮೂಡಲಗಿಗೆ ಹೋಗಿ ಬರುತ್ತೇನೆ. ಸೀತವ್ವ ಏನಾದರೂ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಎಲ್ಲರ ಜೊತೆ ಕೂತು ನಾಲ್ಕು ರೊಟ್ಟಿ ಬಡಿದು ಬರುತ್ತೇನೆ. ಕಲಿಯುತ್ತಿದ್ದೇನೆ, ಸುಮ್ಮನಿರುವುದನ್ನು.

ನಿನ್ನೆ ಮೂಡಲಗಿಯ ಅತ್ತೆಯವರು ಬಂದಿದ್ದರು. ಹೇಳದೆ ಕೇಳದೆ ಒಬ್ಬರೇ ಬಸ್ಸು ಹತ್ತಿ, ಗೋಕಾಕದಲ್ಲಿ ಬದಲಿಸಿ, ಸ್ಟ್ಯಾಂಡಿನಿಂದ ವಿಚಾರಿಸಿಕೊಂಡು ನಡೆದೇ ಬಂದರು. ನಾನು ಓಡಿಹೋಗಿ ಕಾಲಿಗೆ ನೀರು ಕೊಟ್ಟೆ. "ನಡಿ, ನಿನ್ನ ಕೆಲಸಾ ನೋಡ್ಕೊ. ನಾ ನಿನ್ನ ನೋಡಾಕ ಬಂದಿಲ್ಲ, ಬೀಗತಿ ಕೂಡ ಮಾತ ಐತಿ" ಎಂದರು.

ಇಬ್ಬರೂ ಮುಂದಿನ ಕಟ್ಟೆಯ ಮೇಲೆ ಕೂತರು. ಮದುವೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದೇ ಕಡಿಮೆ. ಅಲ್ಲಿ ನೀನೂ ಇದ್ದೆಯಲ್ಲ. ನಾನು ಅಡುಗೆಮನೆಯಲ್ಲಿದ್ದೆ. ಕಿಟಕಿ ಆ ಕಡೆಗೇ ಇದೆ, ಎಲ್ಲ ಕೇಳಿಸುತ್ತದೆ.

ಅತ್ತೆಯವರು ಬಹಳ ಹೊತ್ತು ಸೆರಗು ಸರಿ ಮಾಡಿಕೊಂಡರು. ಆಮೇಲೆ ಹೇಳಿದರು: "ಒಂದ ಮಾತ ಹೇಳ್ತೇನಿ, ಮನಸಿಗಿ ಹಚ್ಚಿಕೋಬ್ಯಾಡ್ರಿ. ನಮ್ಮ ಹುಡಿಗಿಗಿ ಸಿಟ್ಟ ಬಂದ್ರ ಒದರಂಗಿಲ್ಲ. ಪಾತ್ರಿ ತಿಕ್ಕಾಕ ಕುಂದರತಾಳ. ತಿಕ್ಕಿದ್ದನ್ನ ಮತ್ತ ತಿಕ್ಕತಾಳ. ಆವಾಗ ಏನೂ ಕೇಳಬ್ಯಾಡ್ರಿ. ಚಹಾ ಮಾಡಿ ಬಾಜೂಕ ಇಟ್ಟ ಬರ್ರಿ."

"ಹೂಂ" ಎಂದರು ರಾಜಮತಿಯವರು.

"ಜ್ವರಾ ಬಂದ್ರ ಹೇಳಂಗಿಲ್ಲ. ಹಣಿ ಮುಟ್ಟಿ ನೋಡಬೇಕಾಕ್ಕೈತಿ. ಮತ್ತ, ಗುಡುಗ ಅಂದ್ರ ಅಂಜತಾಳ. ಇಷ್ಟ ದೊಡ್ಡಾಕಿ ಆಗಿ ಅಂಜತಾಳ ಅಂತ ನಗಬ್ಯಾಡ್ರಿ. ನನ್ನ ಬಾಜೂಕ ಬಂದ ಮಕ್ಕೊತಿದ್ಲ."

ಗುಡುಗಿನ ವಿಷಯ ಅವರಿಗೆ ಗೊತ್ತಿದೆ ಎಂದು ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ, ಶೋಭಾ. ಅವರಿಗೆ ಅಂಜಿಕೆಯಾಗುತ್ತದೆ ಎಂದು ಜೊತೆಗೆ ಮಲಗುವ ಹಾಗೆ ನಾನು ನಟಿಸುತ್ತಿದ್ದೆ.

ಆಮೇಲೆ ರಾಜಮತಿಯವರು ಕೇಳಿದರು: "ಇನ್ನೂ ಏನರ ಅದಾವೇನ್ರಿ, ಹೇಳೂವು?"

"ಭಾಳ ಅದಾವ್ರಿ. ಇವತ್ತಿಗಿ ಮುಗಿಯಂಗಿಲ್ಲ."

"ಹಂಗಾರ ಇವತ್ತ ರಾತ್ರಿ ಇಲ್ಲೇ ವಸ್ತಿ ಇರ್ರಿ" ಎಂದರು ರಾಜಮತಿಯವರು.

ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಮನೆ ಇದು. ಬಿಸಿಲು ಆಗಲೇ ಎದುರು ಮನೆಯ ಹಂಚಿನ ಮೇಲೆ ಇತ್ತು. ನಾನು ಒಳಗೆ ಇನ್ನೊಂದು ಪಾವು ಅಕ್ಕಿ ತೊಳೆದು ಹಾಕಿದೆ.

ದಾಕ್ಷಾಯಿಣಿ